ಪುಟ್ಟ ಕ್ಯಾಮೆರಾದಲ್ಲಿ ಬಯಲಾಟದ ವಿಡಿಯೊ

ನಮ್ಮ ಕಡೆಯ ಯಕ್ಷಗಾನ ಬಯಲಾಟಗಳನ್ನು ನಾನು ಜೇಬಿಗೆ ಹಿಡಿಸುವ ಡಿಜಿಟಲ್ ಕ್ಯಾಮೆರಾದಲ್ಲೇ ರೆಕಾರ್ಡ್ ಮಾಡುತ್ತೇನೆ. ಮೊಬೈಲ್ ಸಾಲದೇ ಎಂದು ಕೇಳುವವರು ಜಾಸ್ತಿ. ನನಗೆ ಬೇಕಿರುವುದು ಇದರ ಆಪ್ಟಿಕಲ್ ಜೂಮ್, ಅಂದರೆ ಲೆನ್ಸೇ ಸರಿದು ದೂರದ್ದನ್ನು ಹತ್ತಿರ ತೋರಿಸುವುದು. ಪ್ರೇಕ್ಷಕರ ಹಿಂದೆ ಟ್ರೈಪಾಡ್ ಊರಿದರೆ ಯಾರಿಗೂ ಅಡ್ಡವಿಲ್ಲ, ವೇಷದ ಕಣ್ಣಿನ ಹುಬ್ಬಿನ ಆಟವೂ ಸಿಗುತ್ತದೆ. ಡಿಜಿಟಲ್ ಜೂಮ್ ಮಾತ್ರ ಆಫ್. ಅದು ಇದ್ದ ಚಿತ್ರವನ್ನೇ ಸುಮ್ನೆ ಹಿಗ್ಗಿಸುತ್ತದೆ.

ಬೆಳಕನ್ನು ಆಟೋಗೆ ಬಿಡುವುದೇ ಇಲ್ಲ. ಸುತ್ತ ಕತ್ತಲೆ, ನಡುವೆ ರಂಗಸ್ಥಳ. ಕ್ಯಾಮೆರಾ ಕತ್ತಲೆಯನ್ನು ಲೆಕ್ಕ ಹಿಡಿದು ಬೆಳಕು ಏರಿಸುತ್ತದೆ, ಗಂಟೆಗಟ್ಟಲೆ ಕೂತು ಬರೆದ ಮುಖವರ್ಣಿಕೆ ಬೆಳ್ಳಗಾಗಿ ಅಳಿಸಿಹೋಗುತ್ತದೆ. ಹಾಗಾಗಿ ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಬೀಳುವ ಬೆಳಕಿನ ಮಟ್ಟವನ್ನು -0.7ಕ್ಕೆ ಇಳಿಸಿ ಲಾಕ್ ಮಾಡುತ್ತೇನೆ. ಲಾಕ್ ಎಷ್ಟು ಮುಖ್ಯ ಅನ್ನುವುದು ಬಣ್ಣದ ವೇಷದ (ರಾಕ್ಷಸ ಪಾತ್ರದ) ಪ್ರವೇಶದಲ್ಲಿ ಗೊತ್ತಾಗುತ್ತದೆ. ದೊಂದಿಗೆ ರಾಳದ ಪುಡಿ ಎರಚಿದಾಗ ಬೆಂಕಿ ಭಗ್ಗನೆ ಏಳುತ್ತದಲ್ವಾ, ಆಟೋದಲ್ಲಿದ್ದರೆ ಆ ಕ್ಷಣಕ್ಕೆ ಇಡೀ ರಂಗಸ್ಥಳವೇ ಕಪ್ಪಾಗಿಬಿಡುತ್ತದೆ. ವೇಷ ಕಣ್ಣು ತೆರೆದು ಆರ್ಭಟಿಸುವ ಹೊತ್ತು ಅದೇ. ಹೊಗೆ ಬಂದಾಗ ಫೋಕಸ್ ಕೂಡ ತಡಕಾಡುತ್ತದೆ, ಅದನ್ನೂ ಮೊದಲೇ ಲಾಕ್ ಮಾಡಬೇಕು.

ವಿಡಿಯೊದಲ್ಲಿ ಅಡ್ಡ ಪಟ್ಟೆಗಳು ಓಡಾಡಿದರೆ ಅದು ಕರೆಂಟಿನ ಕಾರಣ. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಮೆನುವಿನಲ್ಲಿ ಪಾಲ್ (PAL, 50 ಹರ್ಟ್ಸ್ ಕರೆಂಟಿಗೆ ಹೊಂದುವ ವಿಡಿಯೊ ಪದ್ಧತಿ) ಆಯ್ದು, ಶಟರ್ 1/50 ಸೆಕೆಂಡಿಗೆ ಇಟ್ಟರೆ ಪಟ್ಟೆ ಹೋಗುತ್ತದೆ.

ನಿಜವಾದ ಕಷ್ಟ ಧ್ವನಿಯದ್ದು. ನನ್ನ ಕ್ಯಾಮೆರಾಕ್ಕೆ ಮೈಕ್ ಸಿಕ್ಕಿಸಲು ಜಾಗವಿಲ್ಲ. ಚೆಂಡೆಯ ಪೆಟ್ಟು ಬಿದ್ದ ಕೂಡಲೇ ಕ್ಯಾಮೆರಾ ತಾನಾಗಿ ಧ್ವನಿ ತಗ್ಗಿಸುತ್ತದೆ, ಹಿಂದೆಯೇ ಬರುವ ಭಾಗವತರ ಆಲಾಪ ಮಂಕಾಗುತ್ತದೆ. ಪದ್ಯವೇ ಕೇಳದಿದ್ದರೆ ಆಟ ಎಲ್ಲಿಯದು? ಧ್ವನಿಯನ್ನು ಬೇರೆಯಾಗಿ, ಒಂದು ಪುಟ್ಟ ರೆಕಾರ್ಡರಿನಲ್ಲಿ ಹಿಡಿಯುತ್ತೇನೆ. ಅದನ್ನು ಚೆಂಡೆಯ ಎದುರೂ ಅಲ್ಲ, ಸ್ಪೀಕರಿನ ಬಾಯಿಗೂ ಅಲ್ಲ, ಭಾಗವತರ ಬದಿಗೆ ಇಡುತ್ತೇನೆ. ಆಮೇಲೆ ಕಂಪ್ಯೂಟರಿನಲ್ಲಿ ಎರಡನ್ನೂ ಕೂಡಿಸುವಾಗ ಚೆಂಡೆಯ ಒಂದು ಗಟ್ಟಿ ಪೆಟ್ಟು ನೋಡಿ ಹೊಂದಿಸಿದರೆ ಸಾಕು. ಜೂಮ್ ಮೋಟಾರಿನ ಗುರ್ ಸದ್ದು ಕ್ಯಾಮೆರಾದ ಧ್ವನಿಗೆ ಸೇರುತ್ತದೆ, ಆದ್ದರಿಂದ ಜೂಮ್ ಮಾಡುವುದಿದ್ದರೆ ಚೆಂಡೆ ಜೋರಾಗಿರುವಾಗಲೇ.

ಇಂಥ ಹಳೆಯ ಕ್ಯಾಮೆರಾಗಳಲ್ಲಿ ಹಲವು 29 ನಿಮಿಷಕ್ಕೆ ತಾವಾಗಿ ನಿಲ್ಲುತ್ತವೆ. ಅರ್ಧ ಗಂಟೆ ರೆಕಾರ್ಡ್ ಮಾಡಬಲ್ಲದ್ದಕ್ಕೆ ಯುರೋಪಿನಲ್ಲಿ ವಿಡಿಯೊ ಕ್ಯಾಮೆರಾದ ಸುಂಕ ಬೀಳುತ್ತಿತ್ತು, ಅದನ್ನು ತಪ್ಪಿಸಲು ಬಂದ ಮಿತಿ ಇದು. ಅದಾಗಿ ನಿಲ್ಲುವವರೆಗೆ ನಾನು ಕಾಯುವುದಿಲ್ಲ. ಒಂದು ವೇಷ ಒಳಗೆ ಹೋಗಿ ಇನ್ನೊಂದು ಬರುವ ನಡುವೆ ನಿಲ್ಲಿಸಿ, ಬ್ಯಾಟರಿ ಬದಲಿಸಿ, ಮತ್ತೆ ಶುರು ಮಾಡುತ್ತೇನೆ. ಜನವರಿಯ ರಾತ್ರಿಯಾದರೆ ಅದೇ ಬಿಡುವಿನಲ್ಲಿ ಲೆನ್ಸಿನ ಮೇಲೆ ಕೂತ ಇಬ್ಬನಿಯನ್ನೂ ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತೇನೆ.