ಆ ವರದಿಗೆ ದುಡ್ಡು ಕೊಟ್ಟವರು ಯಾರು? ಹೀಗೆ ಹುಡುಕಿ

ಕಲಬುರಗಿಯಲ್ಲಿ 371ಜೆ (ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ ವಿಧಿ) ಬಗ್ಗೆಯೋ ತೊಗರಿ ಬೆಲೆ ಬಗ್ಗೆಯೋ ಒಂದು ಅಧ್ಯಯನ ವರದಿ ಬಂತು ಅಂದ್ಕೊಳ್ಳಿ. ಬರೆದವರ ಹೆಸರು ಮುಖಪುಟದಲ್ಲೇ ಇರುತ್ತದೆ. ದುಡ್ಡು ಕೊಟ್ಟವರ ಹೆಸರು ಕೊನೆಯ ಪುಟದಲ್ಲೂ ಸಿಗುವುದು ಕಷ್ಟ.

ಮೊದಲು ವರದಿ ಹೊರತಂದ ಸಂಸ್ಥೆಯ ನೋಂದಣಿ ನೋಡಿ. ಅದು ಸೆಕ್ಷನ್ 8ರ ಕಂಪನಿ, ಅಂದರೆ ಲಾಭ ಹಂಚಿಕೊಳ್ಳದ ಕಂಪನಿಯಾದರೆ ಕೆಲಸ ಸುಲಭ: ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ 100 ರೂಪಾಯಿ ಕಟ್ಟಿದರೆ ಲೆಕ್ಕಪತ್ರ ತೆರೆದು ನೋಡಬಹುದು. 1960ರ ಕಾಯ್ದೆಯ ಸೊಸೈಟಿಯಾದರೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಟ್ರಸ್ಟ್ ಆದರೆ ಜಾಸ್ತಿ ಓಡಾಟ.

ಲೆಕ್ಕ ಕೈಗೆ ಬಂದ ಮೇಲೆ ಒಟ್ಟು ಮೊತ್ತ ನೋಡಿ ಸುಮ್ನೆ ಕೂರಬೇಡಿ. ಕಾರ್ಪಸ್ ಎಷ್ಟು, ಪ್ರಾಜೆಕ್ಟ್ ಹಣ ಎಷ್ಟು ಅಂತ ಬೇರೆ ಮಾಡಿ. ಕಾರ್ಪಸ್ ಅಂದರೆ ಮೂಲಧನ, ಅದರ ಬಡ್ಡಿಯಲ್ಲಿ ಸಂಬಳ ಕೊಡಬಹುದು, ಹಾಗಾಗಿ ಯಾವ ವಿಷಯ ಅಧ್ಯಯನ ಮಾಡಬೇಕು ಅಂತ ಸಂಸ್ಥೆಯೇ ತೀರ್ಮಾನಿಸಬಹುದು. ಪ್ರಾಜೆಕ್ಟ್ ಹಣ ಮಾತ್ರ ವಿಷಯದ ಜೊತೆಗೇ ಬರುತ್ತದೆ, ಮುಂದಿನ ವರ್ಷವೂ ಬೇಕು ಅಂದರೆ ಕೊಟ್ಟವರ ಮನಸ್ಸು ನೋಯಿಸದೆ ಬರೆಯಬೇಕು. ಒಬ್ಬರೇ ದಾನಿಯ ಮೇಲೆ ನಿಂತ ಸಂಸ್ಥೆಯ ವರದಿಯನ್ನು ನಾನಂತೂ ಅನುಮಾನದಿಂದಲೇ ಓದುತ್ತೇನೆ.

ಇನ್ನು ವ್ಯಕ್ತಿಗಳು ಕೊಡುವ ಹಣ. ಸಂಸ್ಥೆಗೆ 80ಜಿ (ದಾನ ಕೊಟ್ಟವರಿಗೆ ಆದಾಯ ತೆರಿಗೆ ಉಳಿಸುವ ಮಾನ್ಯತೆ) ಇದ್ದರೆ ದಾನಿಗೆ ಸಾಮಾನ್ಯವಾಗಿ ಅರ್ಧದಷ್ಟು ಮೊತ್ತಕ್ಕೆ, ಒಂದು ಮಿತಿಯೊಳಗೆ, ತೆರಿಗೆ ವಿನಾಯಿತಿ. ನಗದು 2,000 ದಾಟಿದರೆ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಂತೂ ಇಲ್ಲವೇ ಇಲ್ಲ. ದಾನಿಯ ಹೆಸರು, ಪ್ಯಾನ್ ಆದಾಯ ತೆರಿಗೆ ಇಲಾಖೆಗೆ ಹೋಗುತ್ತವೆ. ನಿಮಗೆ ಕಾಣುವುದಿಲ್ಲ.

ಕಂಪನಿಗಳದ್ದು ಸಿಎಸ್‌ಆರ್, ಅಂದರೆ ಸಮಾಜಕ್ಕಾಗಿ ಮಾಡಬೇಕಾದ ಖರ್ಚಿನ ದಾರಿ: ಕಾನೂನಿನ ಮಿತಿಗೆ ಬರುವ ದೊಡ್ಡ ಕಂಪನಿ ಕಳೆದ ಮೂರು ವರ್ಷದ ಸರಾಸರಿ ಲಾಭದ 2% ಖರ್ಚು ಮಾಡಬೇಕು. ಪಕ್ಷಕ್ಕೆ ಕೊಟ್ಟರೆ ಅದು ಸಿಎಸ್‌ಆರ್ ಅಲ್ಲ. ಆದರೆ ಪಕ್ಷದ ಕಡೆ ವಾಲಿದ ಸಂಸ್ಥೆ ಪಕ್ಷವಲ್ಲ, ಅಲ್ವಾ? ಶಿಕ್ಷಣದ ಹೆಸರಲ್ಲಿ ಕೊಡಬಹುದು. ಹಾಗಾಗಿ ಸೇಡಂ, ಚಿತ್ತಾಪುರದ ಸಿಮೆಂಟ್ ಉದ್ಯಮದ ಬಗ್ಗೆ ವರದಿ ಬಂದರೆ ಆ ಕಂಪನಿಗಳ ವಾರ್ಷಿಕ ವರದಿಯ ಸಿಎಸ್‌ಆರ್ ಪುಟವನ್ನೂ ತೆರೆಯಿರಿ.

ವಿದೇಶಿ ಹಣಕ್ಕೆ ಸಾಮಾನ್ಯವಾಗಿ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು. ಅದು ಮೊದಲು ಬಂದಿಳಿಯುವುದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯಲ್ಲೇ. ನೋಂದಣಿ ಹೋದರೆ ಆ ಹಣ ನಿಲ್ಲುತ್ತದೆ. ದೆಹಲಿಯ ಅಧ್ಯಯನ ಸಂಸ್ಥೆ ಸೆಂಟರ್ ಫಾರ್ ಪಾಲಿಸಿ ರಿಸರ್ಚ್‌ನದ್ದು 2024ರ ಜನವರಿಯಲ್ಲಿ ರದ್ದಾಯಿತು. ಮೂರು ತಿಂಗಳಿಗೊಮ್ಮೆ ದಾನಿಗಳ ವಿವರ ವೆಬ್‌ಸೈಟಿಗೆ ಹಾಕಬೇಕೆಂಬ ನಿಯಮವನ್ನು 2022ರಲ್ಲಿ ಕೈಬಿಟ್ಟರು. ಈಗ ವಾರ್ಷಿಕ ಲೆಕ್ಕವೇ ಗತಿ.

ಇಷ್ಟಾದರೂ ಹೆಸರು ಸಿಗದಿದ್ದರೆ ಸಂಸ್ಥೆಗೇ ಇಮೇಲ್ ಹಾಕಿ: ಮೊದಲ ಮೂರು ದಾನಿಗಳು ಯಾರು, ಈ ವರದಿಗೆ ಪ್ರತ್ಯೇಕ ಹಣ ಬಂದಿತ್ತೇ? ‘ಹಿತೈಷಿಗಳು’ ಅಂತ ಮಾತ್ರ ಉತ್ತರ ಬಂದರೆ ವರದಿಯನ್ನು ಎಸೆಯಬೇಡಿ. ಅದರ ತಾಲ್ಲೂಕುವಾರು ಅಂಕಿಗಳನ್ನು ಸರ್ಕಾರದ ಅಂಕಿಗಳ ಪಕ್ಕ ಇಟ್ಟು ಓದಿ.