ಕಿಟ್ಟದ ಕಾಡಿನಲ್ಲಿ ಡಿಟೆಕ್ಟರ್ ಹಿಡಿದು

ಇಂಗ್ಲೆಂಡಿನ ಆಗ್ನೇಯದಲ್ಲಿ, ಸಸೆಕ್ಸ್ ಮತ್ತು ಕೆಂಟ್ ಕೌಂಟಿಗಳಲ್ಲಿ ಹಬ್ಬಿರುವ ವೀಲ್ಡ್ ಸೀಮೆಯ ಖಾಸಗಿ ಕಾಡುಗಳಲ್ಲಿ ನಾವು ನಾಲ್ವರು ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕುವ ಕ್ರಮವನ್ನು ಬರೆಯುತ್ತಿದ್ದೇನೆ. ಹೊಲದಲ್ಲಿ ಪಳಗಿದ ಕೈ ಕೂಡ ಕಾಡಿನಲ್ಲಿ ತಡವರಿಸುತ್ತದೆ. ಹೊಲದ ಮಣ್ಣನ್ನು ನೇಗಿಲು ಎಷ್ಟೋ ಸಲ ಮಗುಚಿರುತ್ತದೆ, ಅಲ್ಲಿ ಸಿಗುವ ನಾಣ್ಯ ತಾನು ಬಿದ್ದ ಜಾಗ ಬಿಟ್ಟು ಎಂದೋ ಸರಿದಿರುತ್ತದೆ. ಹಳೆಯ ಕಾಡಿನಲ್ಲಿ ಬಿದ್ದದ್ದು ಹೆಚ್ಚಾಗಿ ಬಿದ್ದಲ್ಲೇ ಇರುತ್ತದೆ. ಅಜಾಗರೂಕತೆಯಿಂದ ಸಲಿಕೆ ಹಾಕಿದರೆ ಸುತ್ತಲಿನ ಸಾಕ್ಷ್ಯವೆಲ್ಲ ಒಂದೇ ಏಟಿಗೆ ಹೋಗುತ್ತದೆ.

ಮೊದಲು ಅನುಮತಿ. ಸರ್ಕಾರಿ ಕಾಡುಗಳನ್ನು ನೋಡಿಕೊಳ್ಳುವ ಫಾರೆಸ್ಟ್ರಿ ಇಂಗ್ಲೆಂಡ್ ತನ್ನ ನೆಲದಲ್ಲಿ ಡಿಟೆಕ್ಟರ್ ಬಳಸಲು ಬಿಡುವುದಿಲ್ಲ. ಸಂರಕ್ಷಿತ ಸ್ಮಾರಕದ ಮೇಲೆ ಪರವಾನಗಿ ಇಲ್ಲದೆ ಡಿಟೆಕ್ಟರ್ ಆಡಿಸುವುದು 1979ರ ಕಾಯ್ದೆಯಂತೆ ಅಪರಾಧ. ಉಳಿಯುವುದು ಖಾಸಗಿ ಕಾಡು. ಮಾಲೀಕರಿಂದ ಬರಹದಲ್ಲೇ ಒಪ್ಪಿಗೆ ಪಡೆಯುತ್ತೇವೆ. ಸಿಕ್ಕದ್ದನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದೂ ಅದೇ ಹಾಳೆಯಲ್ಲಿರುತ್ತದೆ.

ನಮ್ಮ ಕಾಲ ನವೆಂಬರಿನಿಂದ ಫೆಬ್ರವರಿ. ಜರಿಗಿಡ ಒಣಗಿ ನೆಲಕ್ಕೊರಗಿರುತ್ತದೆ, ಹಳೆಯ ದಾರಿಗಳ ತಗ್ಗು, ಕಾಡಿನ ಗಡಿಯ ಮಣ್ಣಿನ ಏರಿ ಕಣ್ಣಿಗೆ ಬೀಳುತ್ತವೆ. ಮಾರ್ಚ್ ಬಂದರೆ ಹಕ್ಕಿಗಳು ಗೂಡು ಕಟ್ಟುತ್ತವೆ, ಏಪ್ರಿಲಿನಲ್ಲಿ ಬ್ಲೂಬೆಲ್ ಅರಳುತ್ತದೆ. ಬ್ಲೂಬೆಲ್ಲಿನ ಎಲೆ ತುಳಿತಕ್ಕೆ ಸಿಕ್ಕರೆ ಗೆಡ್ಡೆ ಸೊರಗಿ, ಆ ಜಾಗ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ಆ ತಿಂಗಳುಗಳಲ್ಲಿ ಹೋಗುವುದೇ ಇಲ್ಲ.

ಯಂತ್ರ ಮೈನ್‌ಲ್ಯಾಬ್ ಇಕ್ವಿನಾಕ್ಸ್ 800. ಜೊತೆಗೆ ಬರುವ 11 ಇಂಚಿನ ಕಾಯಿಲ್ (ನೆಲದ ಮೇಲೆ ಆಡಿಸುವ ಬಿಲ್ಲೆ) ಕಾಡಿಗೆ ದೊಡ್ಡದಾಯಿತು. ಇಲ್ಲಿ ಚೆಸ್ಟ್‌ನಟ್ ಮರಗಳನ್ನು ಬುಡಕ್ಕೆ ಕಡಿದು ಕಬ್ಬಿನ ಕೂಳೆಯ ಹಾಗೆ ಮತ್ತೆ ಚಿಗುರಿಸುತ್ತಾರೆ. ಒಂದೊಂದು ಬುಡಕ್ಕೂ ಹಲವು ಕಾಂಡ, ನಡುವೆ ಗೇಣಗಲ ಸಂದು. 6 ಇಂಚಿನ ಕಾಯಿಲ್ ಅಲ್ಲಿ ನುಗ್ಗುತ್ತದೆ, ಕಾಂಡಕ್ಕೆ ತಾಗಿ ಸುಳ್ಳು ಸದ್ದು ಮಾಡುವುದೂ ಕಡಿಮೆ. ಆಳ ಸ್ವಲ್ಪ ಕಳೆದುಕೊಳ್ಳುತ್ತೇವೆ, ಅದರಿಂದ ನಷ್ಟವಿಲ್ಲ. ನಮಗೆ ಬೇಕಾದದ್ದು ಸಾಮಾನ್ಯವಾಗಿ ಮೇಲಿನ 15 ಸೆಂಟಿಮೀಟರಿನಲ್ಲೇ ಇರುತ್ತದೆ. ತಂತಿಯಿರುವ ಹೆಡ್‌ಫೋನ್ ಮುಳ್ಳುಕಂಟಿಗೆ ಸಿಕ್ಕಿಕೊಳ್ಳುತ್ತದೆ, ತಂತಿಯಿಲ್ಲದ್ದೇ ಒಳ್ಳೆಯದು. ತುದಿಯಲ್ಲಿ ಉಕ್ಕಿನ ತಗಡಿರುವ ಬೂಟು ಹಾಕಿಕೊಂಡರೆ ಹೆಜ್ಜೆಹೆಜ್ಜೆಗೂ ಯಂತ್ರ ಕೂಗುತ್ತದೆ.

ವೀಲ್ಡಿನ ದೊಡ್ಡ ತಲೆನೋವು ಕಿಟ್ಟ, ಅಂದರೆ ಕಬ್ಬಿಣ ಕರಗಿಸಿದಾಗ ಉಳಿಯುವ ಕಸ. ರೋಮನ್ನರ ಕಾಲಕ್ಕೂ ಮುಂಚಿನಿಂದ ಇಲ್ಲಿ ಕಬ್ಬಿಣ ಕರಗಿಸಿದ್ದಾರೆ. ಬ್ರಿಟನ್ನಿನ ಮೊದಲ ಊದುಕುಲುಮೆ ಎಂದು ತಿಳಿದಿರುವುದು ಇಲ್ಲಿನ ಆಶ್‌ಡೌನ್ ಫಾರೆಸ್ಟಿನ ನ್ಯೂಬ್ರಿಜ್‌ನಲ್ಲಿ, 1496ರದು. ತೊರೆಗಳ ದಂಡೆಯಲ್ಲಿ ಕಿಟ್ಟ ರಾಶಿಗಟ್ಟಲೆ ಬಿದ್ದಿದೆ. ಇದ್ದಿಲು ಸುಟ್ಟ ಜಾಗಗಳೂ ಹಾಗೆಯೇ ಕಾಡುತ್ತವೆ. ಇಳಿಜಾರಿನಲ್ಲಿ ದುಂಡಗೆ ಸಮತಟ್ಟಾದ ನೆಲ, ಕೆದಕಿದರೆ ಕಪ್ಪು ಮಣ್ಣು ಕಂಡರೆ ಅದೇ. ಬೆಂಕಿಯ ಕಾವಿಗೆ ಮಣ್ಣಿನ ಕಬ್ಬಿಣದಂಶ ಹೆಚ್ಚು ಕಾಂತೀಯವಾಗಿ ಮಾರ್ಪಟ್ಟು, ಪಕ್ಕದ ನೆಲದಲ್ಲಿ ಹೊಂದಿಸಿದ ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನ ಸದ್ದನ್ನು ಯಂತ್ರ ಕಡೆಗಣಿಸುವಂತೆ ಮಾಡುವ ಹೊಂದಾಣಿಕೆ) ಇಲ್ಲಿ ಹೊಂದುವುದಿಲ್ಲ. ಇಂಥ ಜಾಗಕ್ಕೆ ಕಾಲಿಟ್ಟ ಕೂಡಲೇ ಕಾಯಿಲ್ ಅನ್ನು ನೆಲದ ಮೇಲೆ ಏರಿಸಿ ಇಳಿಸಿ ಬ್ಯಾಲೆನ್ಸ್ ಹೊಸದಾಗಿ ಮಾಡಿಕೊಳ್ಳುತ್ತೇವೆ. ಸೆನ್ಸಿಟಿವಿಟಿ (ಯಂತ್ರದ ಸೂಕ್ಷ್ಮತೆ) 20 ಇದ್ದದ್ದನ್ನು 16ಕ್ಕೆ ಇಳಿಸಿ, ರಿಕವರಿ ಸ್ಪೀಡ್ (ಒಂದು ಸದ್ದಿನ ನಂತರ ಮುಂದಿನದಕ್ಕೆ ಯಂತ್ರ ಸಿದ್ಧವಾಗುವ ವೇಗ) 6ರಲ್ಲಿ ಇಡುತ್ತೇವೆ. ಸೆನ್ಸಿಟಿವಿಟಿ ಏರಿಸಿದಷ್ಟೂ ಹೆಚ್ಚು ಸಿಗುತ್ತದೆ ಎಂಬ ನಂಬಿಕೆ ಕಿಟ್ಟದ ನೆಲದಲ್ಲಿ ನಡೆಯದು, ಗದ್ದಲ ಏರಿ ಒಳ್ಳೆಯ ಸದ್ದು ಅದರಲ್ಲಿ ಮುಳುಗುತ್ತದೆ.

ಕೆಳಗಿರುವ ಲೋಹ ಯಾವುದಿರಬಹುದೆಂದು ಯಂತ್ರ ಪರದೆಯ ಮೇಲೆ ಅಂಕಿಯಲ್ಲಿ ತೋರಿಸುತ್ತದೆ, ಕಬ್ಬಿಣಕ್ಕೆ ಅದು -9ರಿಂದ 0. ಬಾಗಿದ ಮೊಳೆ ಆಗಾಗ ಮೇಲಿನ ಅಂಕಿಗೂ ಜಿಗಿಯುತ್ತದೆ. ಆಗ 90 ಡಿಗ್ರಿ ಸುತ್ತಿ ನಿಂತು ಮತ್ತೆ ಆಡಿಸಬೇಕು. ಎರಡೂ ಕಡೆಯಿಂದ ಅಂಕಿ ಹೆಚ್ಚುಕಡಿಮೆ ಒಂದೇ ಬಂದರೆ ಅಗೆಯುತ್ತೇವೆ, ಒಂದು ಕಡೆ ಬೇರೆಯಾದರೆ ಬಹುಪಾಲು ಮೊಳೆಯೇ. ತೆಳುವಾದ ಮಧ್ಯಯುಗದ ಬೆಳ್ಳಿ ಪೆನ್ನಿಯೂ ಚಾಕೊಲೇಟಿನ ಹೊದಿಕೆ ಹಾಳೆಯೂ ಒಂದೇ ಅಂಕಿ ತೋರಿಸಬಲ್ಲವು. ಅಲ್ಲಿ ಅಡ್ಡದಾರಿ ಇಲ್ಲ, ಎರಡನ್ನೂ ಅಗೆದು ನೋಡಬೇಕು.

ನಾಲ್ವರ ನಡುವೆ ಕನಿಷ್ಠ 15 ಮೀಟರ್ ಅಂತರ. ಹತ್ತಿರ ಬಂದರೆ ಯಂತ್ರಗಳು ಒಂದರೊಳಗೊಂದು ತಲೆಹಾಕುತ್ತವೆ. ಆಗಲೂ ಕಿರಿಕಿರಿ ಕೇಳಿಸಿದರೆ ಒಬ್ಬೊಬ್ಬರಾಗಿ ನಾಯ್ಸ್ ಕ್ಯಾನ್ಸಲ್ (ಅಡ್ಡಸದ್ದು ತಗ್ಗಿಸುವ ಬಟನ್) ಒತ್ತುತ್ತೇವೆ, ಎಲ್ಲರೂ ಒಟ್ಟಿಗೆ ಒತ್ತಿದರೆ ಪ್ರಯೋಜನವಾಗದು.

ಅಗೆಯುವಾಗ ಮೊದಲು ತರಗೆಲೆಯನ್ನು ಕೈಯಿಂದ ಬದಿಗೆ ಸರಿಸಿ ಮತ್ತೊಮ್ಮೆ ಕೇಳುತ್ತೇವೆ. ಎಷ್ಟೋ ವಸ್ತು ಆ ಎಲೆಗಳ ಜೊತೆಗೇ ಬಂದಿರುತ್ತದೆ. ಆಮೇಲೆ ಮೂರು ಬದಿ ಮಾತ್ರ ಕತ್ತರಿಸಿ, ನಾಲ್ಕನೆಯದನ್ನು ಬಾಗಿಲ ಕೀಲಿನಂತೆ ಬಿಟ್ಟು ಮಣ್ಣಿನ ಹೆಂಟೆಯನ್ನು ಮಗುಚಬೇಕು. ಸಡಿಲ ಮಣ್ಣು ಪ್ಲಾಸ್ಟಿಕ್ ಹಾಳೆಯ ಮೇಲೆ. ಹೆಬ್ಬೆರಳಿಗಿಂತ ದಪ್ಪ ಬೇರು ಅಡ್ಡ ಬಂದರೆ ಆ ಸಿಗ್ನಲ್ ಅಲ್ಲಿಗೇ ಬಿಟ್ಟೆವು. ಒಂದೇ ಗುಂಡಿಯಲ್ಲಿ ಎರಡನೆಯ ಹಳೆಯ ನಾಣ್ಯ ಕಂಡರೆ ಕೈ ನಿಲ್ಲಬೇಕು. ಅದು ಯಾರೋ ಹೂತಿಟ್ಟದ್ದಿರಬಹುದು. ಗುಂಡಿ ಮುಚ್ಚಿ, ಗುರುತು ಹಾಕಿ, ಕೌಂಟಿಯ ಫೈಂಡ್ಸ್ ಲಿಯಾಸನ್ ಆಫೀಸರಿಗೆ (ಇಂಥ ಪತ್ತೆಗಳನ್ನು ದಾಖಲಿಸುವ ಅಧಿಕಾರಿ) ಫೋನು ಮಾಡುತ್ತೇವೆ. 1996ರ ಟ್ರೆಷರ್ ಆಕ್ಟ್ ಪ್ರಕಾರ ನಿಧಿ ಎನಿಸುವ ವಸ್ತುವನ್ನು 14 ದಿನಗಳೊಳಗೆ ತಿಳಿಸಲೇಬೇಕು. ಯುದ್ಧಕಾಲದ ಸೈನಿಕ ಶಿಬಿರಗಳಿದ್ದ ಕಾಡುಗಳಲ್ಲಿ ರೆಕ್ಕೆಯಿರುವ ಅಥವಾ ಕೊಳವೆಯಂಥ ವಸ್ತು ಕಂಡರೆ ಅದು ಸಿಡಿಯದ ಬಾಂಬಿರಬಹುದು, ಮುಟ್ಟದೆ ಹಿಂದೆ ಸರಿದು ತುರ್ತು ಸಂಖ್ಯೆ 999ಕ್ಕೆ ಕರೆ.

ಸಿಕ್ಕದ್ದನ್ನು ಉಜ್ಜಬೇಡಿ. ಇಲ್ಲಿನ ಕಾಡುಮಣ್ಣಿನ ಆಮ್ಲಕ್ಕೆ ತಾಮ್ರದ ಮೇಲ್ಮೈ ಮೊದಲೇ ಶಿಥಿಲವಾಗಿರುತ್ತದೆ, ಬೆರಳಿನ ಒಂದು ತಿಕ್ಕಿಗೆ ಅಕ್ಷರ ಹೋಗಿಬಿಡುತ್ತದೆ. ಮಣ್ಣಿನ ಸಮೇತ ಸಂಖ್ಯೆ ಬರೆದ ಚೀಲಕ್ಕೆ ಹಾಕಿ, ಅಲ್ಲೇ ಗ್ರಿಡ್ ಸಂಖ್ಯೆ (ನಕ್ಷೆಯಲ್ಲಿ ಜಾಗ ಗುರುತಿಸುವ ಸಂಖ್ಯೆ) ಬರೆಯುತ್ತೇವೆ. 10 ಅಂಕಿ ಬರೆದರೆ ಜಾಗ 1 ಮೀಟರಿನಷ್ಟು ನಿಖರ, 8 ಅಂಕಿಗೆ 10 ಮೀಟರಿನಷ್ಟು. ಮರಗಳ ಕೆಳಗೆ ಜಿಪಿಎಸ್ 1 ಮೀಟರಿನಷ್ಟು ನಿಖರವಾಗಿರುವುದಿಲ್ಲ, ಹಾಗಾಗಿ 8 ಅಂಕಿ ಬರೆದು ಹತ್ತಿರದ ಏರಿಯಿಂದ ಟೇಪಿನಲ್ಲಿ ಅಳೆದ ದೂರವನ್ನು ಪಕ್ಕದಲ್ಲಿ ಸೇರಿಸುತ್ತೇವೆ.

ಕಾರು ಹತ್ತುವ ಮುನ್ನ ಮೈಮೇಲೆ ಉಣ್ಣೆ ಹುಳು (ಉಣುಗು) ಇದೆಯೇ ಎಂದು ನೋಡಿಕೊಳ್ಳುವುದು. ಮಲೆನಾಡಿನವರಿಗೆ ಮಂಗನ ಕಾಯಿಲೆಯಿಂದ ಇದು ಗೊತ್ತು. ಇಲ್ಲಿ ಅದು ಹರಡುವುದು ಲೈಮ್ ಕಾಯಿಲೆಯನ್ನು. ಮಂಡಿಯ ಹಿಂದೆ, ಸೊಂಟದ ಪಟ್ಟಿಯ ಕೆಳಗೆ, ಕಂಕುಳಲ್ಲಿ ಹುಡುಕಿ, ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು. ಎಣ್ಣೆ, ಬೆಂಕಿಕಡ್ಡಿ ಎರಡೂ ಬೇಡ.