ಡಿಸೆಂಬರಲ್ಲೇ ಸೀಟು ಸಿಕ್ಕಿತು, ಉಳಿದ ಅರ್ಜಿಗಳನ್ನು ಏನು ಮಾಡೋದು?

ಅಮೆರಿಕದಲ್ಲಿ ಹನ್ನೆರಡನೇ ಕ್ಲಾಸಿನ ಮಕ್ಕಳಿರುವ ಮನೆಗಳಲ್ಲಿ ಡಿಸೆಂಬರ್ ಮಧ್ಯದಿಂದ ಇದೇ ಮಾತು. ಒಂದು ಕಾಲೇಜು ಬಾ ಅಂದಿದೆ, ಇನ್ನೂ ಏಳೆಂಟು ಅರ್ಜಿ ಬಾಕಿ ಇವೆ. ವಾಪಸ್ ತಗೋಬೇಕಾ, ಹಾಗೇ ಬಿಡಬೇಕಾ?

ಸಿಇಟಿ ಕೌನ್ಸೆಲಿಂಗ್ ಕಂಡವರಿಗೆ ಗೊಂದಲ ಆಗೋದು ಸಹಜ. ಅಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುತ್ತದೆ. ಚಾಯ್ಸ್ 2 ಕೊಟ್ಟು, ಅಂದರೆ ಸಿಕ್ಕ ಸೀಟು ಇಟ್ಟುಕೊಂಡೇ ಇನ್ನೂ ಒಳ್ಳೆಯದಕ್ಕೆ ಕಾದು, ಮುಂದಿನ ಸುತ್ತಿನಲ್ಲಿ ಮೇಲಿನ ಸೀಟು ಸಿಕ್ಕರೆ ಹಳೆಯದು ತಾನಾಗಿಯೇ ರದ್ದಾಗುತ್ತದೆ. ಅಮೆರಿಕದಲ್ಲಿ ಅಂಥ ವ್ಯವಸ್ಥೆ ಇಲ್ಲ. ಒಂದೊಂದು ಕಾಲೇಜಿಗೂ ನಾವೇ ಹೇಳಬೇಕು.

ಸಿಕ್ಕಿದ್ದು ಅರ್ಲಿ ಡಿಸಿಷನ್ (ಸೇರಿಯೇ ಸೇರುತ್ತೇವೆ ಅಂತ ಮಾತು ಕೊಟ್ಟು ಮೊದಲೇ ಹಾಕುವ ಅರ್ಜಿ) ಆಗಿದ್ದರೆ ಯೋಚನೆ ಜಾಸ್ತಿ ಬೇಡ. ಮಗು, ಅಪ್ಪ ಅಥವಾ ಅಮ್ಮ, ಶಾಲೆಯ ಕೌನ್ಸೆಲರ್, ಮೂವರೂ ಸಹಿ ಹಾಕಿರುತ್ತಾರೆ: ಸೀಟು ಕೊಟ್ಟರೆ ಬರುತ್ತೇವೆ, ಬೇರೆ ಅರ್ಜಿಗಳನ್ನು ಹಿಂಪಡೆಯುತ್ತೇವೆ ಎಂದು. ಈ ಮಾತಿನಿಂದ ಬಿಡುಗಡೆಗೆ ಕಾಲೇಜುಗಳು ಸಾಮಾನ್ಯವಾಗಿ ಒಪ್ಪುವ ಕಾರಣ ಹಣದ್ದು. ಆರ್ಥಿಕ ನೆರವು ಕೇಳಿದ್ದರೆ ಮೊದಲು ಆ ಪತ್ರ ಓದಿ. ಸಾಲದಿದ್ದರೆ ಏಡ್ ಆಫೀಸಿಗೆ ಫೋನ್ ಮಾಡಿ, ಮತ್ತೊಮ್ಮೆ ಪರಿಶೀಲಿಸಲು ಕೇಳಿ. ಸರಿ ಅನ್ನಿಸಿದ ಕೂಡಲೇ ಉಳಿದದ್ದೆಲ್ಲ ವಾಪಸ್. ಇನ್ನೂ ದೊಡ್ಡ ಹೆಸರಿನ ಕಾಲೇಜು ಬಂದರೆ ನೋಡೋಣ ಅಂತ ಸುಮ್ನೆ ಇಟ್ಟುಕೊಳ್ಳುವುದು ಕೊಟ್ಟ ಮಾತು ಮುರಿದ ಹಾಗೆ. ಕೌನ್ಸೆಲರ್ ಸಹಿಗೆ ಬೆಲೆ ಕಡಿಮೆಯಾದರೆ ಮುಂದಿನ ವರ್ಷದ ಮಕ್ಕಳಿಗೂ ತೊಂದರೆ.

ಅರ್ಲಿ ಆಕ್ಷನ್ ಹಾಗಲ್ಲ. ಅದರಲ್ಲೂ ಅರ್ಜಿ ಮೊದಲೇ ಹಾಕುತ್ತೇವೆ, ಆದರೆ ಸೇರಲೇಬೇಕು ಅಂತಿಲ್ಲ. ನಿರ್ಧಾರ ಹೇಳೋಕೆ ಸಾಮಾನ್ಯವಾಗಿ ಮೇ 1ರವರೆಗೆ ಟೈಮ್ ಇರುತ್ತದೆ. ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ನವರ ರಿಸ್ಟ್ರಿಕ್ಟಿವ್ ಅರ್ಲಿ ಆಕ್ಷನ್ ಕೂಡ ಅಷ್ಟೇ. ಅರ್ಲಿಯಲ್ಲಿ ಬೇರೆ ಎಲ್ಲಿ ಅರ್ಜಿ ಹಾಕಬಹುದು ಅನ್ನೋದಕ್ಕೆ ಮಾತ್ರ ಅದು ಮಿತಿ ಹಾಕುತ್ತದೆ, ಎಲ್ಲಿ ಸೇರಬೇಕು ಅನ್ನೋದಕ್ಕಲ್ಲ.

ಇಲ್ಲಿ ನಮ್ಮವರು ಆತುರಪಡಬಾರದು. ಎಚ್-4ನಲ್ಲಿರುವ (ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾ) ಮಕ್ಕಳಿಗೆ ಫಾಫ್ಸಾ ಎಂಬ ನೆರವಿನ ಅರ್ಜಿ ಮೂಲಕ ಸಿಗುವ ಅಮೆರಿಕದ ಕೇಂದ್ರ ಸರ್ಕಾರದ ನೆರವು ಇಲ್ಲ. ಗ್ರೀನ್ ಕಾರ್ಡ್ ಇದ್ದರೆ ಉಂಟು. ಹಾಗಾಗಿ ಅನೇಕ ಎಚ್-1ಬಿ ಕುಟುಂಬಗಳಿಗೆ ಇನ್-ಸ್ಟೇಟ್ ಫೀಸು (ಆ ರಾಜ್ಯದವರಿಗೇ ಇರುವ ಕಡಿಮೆ ಫೀಸು), ಕಾಲೇಜೇ ಕೊಡುವ ಮೆರಿಟ್ ಸ್ಕಾಲರ್‌ಶಿಪ್, ಇವೆರಡೇ ಆಸರೆ. ಎಚ್-4 ಮಕ್ಕಳಿಗೆ ಇನ್-ಸ್ಟೇಟ್ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಕಾಲೇಜಿನಲ್ಲೇ ಕೇಳಿ. ಸ್ಕಾಲರ್‌ಶಿಪ್ ಪತ್ರ ಎಷ್ಟೋ ಸಲ ಮಾರ್ಚ್‌ವರೆಗೂ ಬರುವುದಿಲ್ಲ. ಜನವರಿಯಲ್ಲಿ ಬೇರೆ ರಾಜ್ಯದ ಕಾಲೇಜು ಕರೆಯಿತು ಅಂತ ನಿಮ್ಮ ರಾಜ್ಯದ ಯೂನಿವರ್ಸಿಟಿಯ ಅರ್ಜಿ ಕಿತ್ತುಹಾಕಬೇಡಿ. ಸೀಟು ಕೊಟ್ಟ ಪತ್ರದಲ್ಲಿ ಮೇಜರ್ (ಮುಖ್ಯ ವಿಷಯ) ಯಾವುದು ಅಂತಲೂ ನೋಡಿ. ಕಂಪ್ಯೂಟರ್ ಸೈನ್ಸ್ ಕೇಳಿದ್ದಕ್ಕೆ ಬೇರೆ ವಿಭಾಗ ಕೊಟ್ಟಿದ್ದರೆ ಲೆಕ್ಕವೇ ಬದಲಾಗುತ್ತದೆ, ಅಲ್ವಾ?

ಬಾಕಿ ಇರುವ ಒಂದೊಂದರ ಬಗ್ಗೆಯೂ ಮಗುವನ್ನೇ ಕೇಳಿ: ಇದು ಸಿಕ್ಕರೆ, ನಮಗೆ ಹೊಂದುವ ಖರ್ಚಿನಲ್ಲಿ, ಕೈಯಲ್ಲಿರುವುದನ್ನು ಬಿಟ್ಟು ಹೋಗ್ತೀಯಾ? ಇಲ್ಲ ಅಂದರೆ ಆ ಅರ್ಜಿ ತೆಗೆಯಿರಿ. ಸಂಘದ ಸಂಕ್ರಾಂತಿ ಊಟದಲ್ಲಿ ಎಷ್ಟು ಕಡೆ ಸಿಕ್ಕಿತು ಅಂತ ಹೇಳೋಕೆ ಇಟ್ಟುಕೊಳ್ಳುವುದು ಬೇಡ. ಅದೇ ಶಾಲೆಯ ಇನ್ನೊಂದು ಮಗು ಆ ಕಾಲೇಜನ್ನೇ ನೆಚ್ಚಿಕೊಂಡಿರಬಹುದು. ಉತ್ತರ ಗೊತ್ತಿಲ್ಲ ಅಂದರೆ ಕಾಯಿರಿ. ಒಮ್ಮೆ ಹಿಂಪಡೆದದ್ದನ್ನು ಮತ್ತೆ ತೆರೆಸುವುದು ಕಷ್ಟ.

ಕಳಿಸಿದ ಅರ್ಜಿಯನ್ನು ಕಾಮನ್ ಆ್ಯಪ್‌ನಲ್ಲಿ (ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ವೆಬ್‌ಸೈಟ್) ಹಿಂಪಡೆಯಲು ಆಗುವುದಿಲ್ಲ. ಆಯಾ ಕಾಲೇಜಿನ ಪೋರ್ಟಲ್‌ನಲ್ಲಿ ವಿತ್‌ಡ್ರಾ ಫಾರ್ಮ್ ಹುಡುಕಿ. ಇಲ್ಲದಿದ್ದರೆ ಅಡ್ಮಿಷನ್ ಆಫೀಸಿಗೆ ಇಮೇಲ್ ಸಾಕು: ಹೆಸರು, ಹುಟ್ಟಿದ ದಿನ, ಅರ್ಜಿ ಸಂಖ್ಯೆ, ಬೇರೆ ಕಡೆ ಸೇರುತ್ತಿದ್ದೇನೆ, ಧನ್ಯವಾದ. ಅದನ್ನು ಮಗುವೇ, ಅರ್ಜಿಗೆ ಕೊಟ್ಟ ಇಮೇಲ್‌ನಿಂದಲೇ ಬರೆಯಲಿ. ಕೌನ್ಸೆಲರ್‌ಗೂ ಒಂದು ಪ್ರತಿ ಹೋಗಲಿ, ಆಗ ಅವರು ಆ ಕಾಲೇಜಿಗೆ ಅರ್ಧವಾರ್ಷಿಕ ಅಂಕಪಟ್ಟಿ ಕಳಿಸುವ ಕೆಲಸ ತಪ್ಪುತ್ತದೆ. ಕಟ್ಟಿದ ಅರ್ಜಿ ಶುಲ್ಕ ಮಾತ್ರ ವಾಪಸ್ ಬರುವುದಿಲ್ಲ.